ಟವರ್ ಮೇಲಿನ ಸ್ಕ್ಯಾನರ್ ಆಂಟೆನಾ ಕಿವುಡಾದಾಗ: ಕೆಳಗಿನಿಂದ ಮೇಲಕ್ಕೆ ಹುಡುಕುವ ಕ್ರಮ

ಬಳ್ಳಾರಿಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿ 12 ಮೀಟರ್ ಎತ್ತರದ ಕಬ್ಬಿಣದ ಜಾಲರಿ ಟವರ್ ಒಂದಿದೆ. ಅದರ ತುದಿಯಲ್ಲಿ ಡಿಸ್ಕೋನ್ ಆಂಟೆನಾ, ಅಂದರೆ ಮೇಲೆ ತಟ್ಟೆಯಂತೆ, ಕೆಳಗೆ ಶಂಕುವಿನಂತೆ ಕಡ್ಡಿಗಳು ಹರಡಿದ ಆಂಟೆನಾ ಇದೆ. ಅಲ್ಲಿಂದ ಸುಮಾರು 30 ಮೀಟರ್ ಕೋಯಾಕ್ಸ್ ಕೇಬಲ್ (ನಡುತಂತಿಯ ಸುತ್ತ ನಿರೋಧಕ, ಅದರ ಮೇಲೆ ಲೋಹದ ಹೆಣಿಗೆ ಇರುವ ಕೇಬಲ್) ಇಳಿದು, ಕಿಟಕಿಯ ಮೂಲಕ ಒಳಬಂದು, ಮೇಜಿನ ಮೇಲಿನ ಸ್ಕ್ಯಾನರನ್ನು, ಅಂದರೆ ವಿಮಾನದವರ ಮಾತುಕತೆಯಂಥವನ್ನು ಕೇಳುವ ರೇಡಿಯೊ ಗ್ರಾಹಕವನ್ನು ಸೇರುತ್ತದೆ. ಒಂದು ವರ್ಷ ಉತ್ತರೆ ಮಳೆ ಹಿಡಿದ ವಾರದಲ್ಲಿ ವಿಮಾನಗಳ ದನಿ ದಿನದಿಂದ ದಿನಕ್ಕೆ ತೆಳುವಾಗುತ್ತ ಬಂತು. ನಾನು ಸ್ಕ್ಯಾನರನ್ನೇ ಅನುಮಾನಿಸಿದೆ, ಅದರ ಸೆಟ್ಟಿಂಗುಗಳನ್ನೆಲ್ಲ ಅಳಿಸಿ ಮತ್ತೆ ತುಂಬಿದೆ, ಹಣ ಕೊಟ್ಟು ಆಂಪ್ಲಿಫೈಯರ್ ತರಿಸಿ ಸೇರಿಸಿದೆ. ಭೋರ್ಗರೆತ ಹೆಚ್ಚಿತೇ ಹೊರತು ಮಾತು ಹೆಚ್ಚಲಿಲ್ಲ. ಹತ್ತನೆಯ ದಿನ ಮೇಜು ಒರೆಸಲು ಹೋದಾಗ ಸ್ಕ್ಯಾನರಿನ ಹಿಂದೆ ರೂಪಾಯಿ ನಾಣ್ಯದಷ್ಟಗಲ ಕೆಂಪು ನೀರು ನಿಂತಿತ್ತು. ಕನೆಕ್ಟರ್ ಬಿಚ್ಚಿದೊಡನೆ ಅದರೊಳಗಿಂದ ಇನ್ನೊಂದು ಹನಿ ಬಿತ್ತು. ಟವರಿನ ತುದಿಯಲ್ಲಿ ಸುತ್ತಿದ್ದ ಟೇಪು ಬಿಸಿಲಿಗೆ ಬಿರುಕು ಬಿಟ್ಟು, ಮಳೆನೀರು ಕೇಬಲಿನ ಹೆಣಿಗೆಯ ತಂತಿಗಳ ನಡುವೆ ಬತ್ತಿಯಲ್ಲಿ ಎಣ್ಣೆ ಹರಿದಂತೆ ಹರಿದು, ಅದಿರಿನ ಧೂಳನ್ನೂ ಕರಗಿಸಿಕೊಂಡು ನನ್ನ ಮೇಜಿಗೇ ಬಂದಿತ್ತು.

ಅಂದು ನಾನು ಮಾಡಿದ ತಪ್ಪು ಕನೆಕ್ಟರಿಗೆ ಟೇಪು ಸರಿಯಾಗಿ ಸುತ್ತದಿದ್ದುದೊಂದೇ ಅಲ್ಲ. ಯಾವುದನ್ನು ಯಾವುದರ ನಂತರ ಪರೀಕ್ಷಿಸಬೇಕೆಂಬ ಕ್ರಮವೇ ನನಗಿರಲಿಲ್ಲ. ಕೆಳಗೆ ವಿವರಿಸಿರುವುದು ಆಮೇಲೆ ರೂಢಿಸಿಕೊಂಡ ಕ್ರಮ. ನೆಲದ ಮೇಲೆ ನಿಂತು ಮಾಡಬಹುದಾದ ಪರೀಕ್ಷೆಗಳೆಲ್ಲ ಮುಗಿದು, ದೋಷ ಮೇಲೆಯೇ ಇದೆ ಎಂದು ಅವು ಬೆರಳು ಮಾಡಿ ತೋರಿಸಿದ ನಂತರವೇ ಟವರ್ ಹತ್ತಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲವನ್ನು ಬರೆದಿಟ್ಟುಕೊಂಡು ಮುಂದಿನದಕ್ಕೆ ಹೋಗಬೇಕು.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದಕ್ಕೆ ಪರವಾನಗಿಯ ನಿಯಮಗಳಿವೆ, ಆಕಸ್ಮಿಕವಾಗಿ ಕಿವಿಗೆ ಬಿದ್ದ ಸಂದೇಶವನ್ನು ಇತರರಿಗೆ ಹಂಚುವಂತಿಲ್ಲ. ಹವ್ಯಾಸಿ (ಹ್ಯಾಮ್) ರೇಡಿಯೊ ಪರವಾನಗಿಯ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ಈ ಹವ್ಯಾಸಕ್ಕೆ ಇಳಿಯುವವರಿಗೆ ಅದೇ ಸರಿಯಾದ ಬಾಗಿಲು.

ನಿಜಕ್ಕೂ ದೋಷವಿದೆಯೇ?

ಈ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ವಿಮಾನಗಳ ಮಾತುಕತೆ ನಡೆಯುವ 118ರಿಂದ 137 ಮೆಗಾಹರ್ಟ್ಸ್, ಹವ್ಯಾಸಿಗಳ 144ರಿಂದ 146 ಮೆಗಾಹರ್ಟ್ಸ್, ಇವೆಲ್ಲ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುವ ಅಲೆಗಳು. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 12 ಮೀಟರಿನ ಆಂಟೆನಾಕ್ಕೆ ಅದು 14 ಕಿಲೋಮೀಟರ್. ಎದುರಿನ ಕೇಂದ್ರದ ಆಂಟೆನಾ 30 ಮೀಟರ್ ಎತ್ತರದಲ್ಲಿದ್ದರೆ ಅದರ 22 ಕಿಲೋಮೀಟರ್ ಸೇರಿ ಒಟ್ಟು 36-37 ಕಿಲೋಮೀಟರ್ ಆಗುತ್ತದೆ. ಆದರೆ 35,000 ಅಡಿ ಎತ್ತರದಲ್ಲಿ ಹಾರುವ ವಿಮಾನಕ್ಕೆ ಇದೇ ಲೆಕ್ಕ 440 ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಹಾಗಾಗಿ ಬೆಂಗಳೂರು ಬಿಟ್ಟು ಮುಂಬೈ ಕಡೆ ಹೊರಟ ವಿಮಾನದ ಪೈಲಟ್ ಮಾತನಾಡುವುದು ಬಳ್ಳಾರಿಯಲ್ಲಿ ಸ್ಪಷ್ಟವಾಗಿ ಕೇಳಿಸಿ, ಅವನಿಗೆ ಉತ್ತರ ಕೊಡುವ ನಿಲ್ದಾಣದವರ ದನಿ ಕೇಳಿಸದಿದ್ದರೆ ನಿಮ್ಮ ಆಂಟೆನಾದಲ್ಲಿ ಯಾವ ಕೊರತೆಯೂ ಇಲ್ಲ. ಭೂಮಿ ಗುಂಡಗಿದೆ, ಅಷ್ಟೆ.

ಈ ಲೆಕ್ಕವೂ ಬಯಲುನೆಲಕ್ಕೆ ಮಾತ್ರ ಸಲ್ಲುತ್ತದೆ. ಸಿಂಧನೂರು, ಸಿರುಗುಪ್ಪದ ಗದ್ದೆಬಯಲಿನಲ್ಲಿ ಇರುವವರು ಅದನ್ನು ನಂಬಬಹುದು. ಬಳ್ಳಾರಿ ಗುಡ್ಡದ ಬುಡದಲ್ಲಿರುವವರಿಗೆ, ಸಂಡೂರಿನ ಬೆಟ್ಟಸಾಲಿನ ಮಗ್ಗುಲಲ್ಲಿರುವವರಿಗೆ, ಗಂಗಾವತಿ-ಆನೆಗೊಂದಿಯ ಬಂಡೆಗುಡ್ಡಗಳ ನಡುವೆ ಮನೆ ಮಾಡಿದವರಿಗೆ ಒಂದು ದಿಕ್ಕು ಪೂರ್ತಿ ಮುಚ್ಚಿಹೋಗಿರುತ್ತದೆ. ಒಂದೇ ದಿಕ್ಕಿನಿಂದ ಮಾತ್ರ ಸಂಕೇತ ಕ್ಷೀಣವಾಗಿದ್ದು ಮಿಕ್ಕ ದಿಕ್ಕುಗಳು ಚೆನ್ನಾಗಿದ್ದರೆ ಮೊದಲು ಮಾಳಿಗೆ ಹತ್ತಿ ಆ ಕಡೆ ಕಣ್ಣು ಹಾಯಿಸುವುದು ಒಳ್ಳೆಯದು.

ಋತುವಿನ ಆಟವೂ ಇದೆ. ಡಿಸೆಂಬರ್-ಜನವರಿಯ ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಂಪಾಗಿ ಮೇಲಿನ ಪದರ ಬೆಚ್ಚಗಿರುವಾಗ, ಅಲೆಗಳು ಆ ಪದರದ ಕೆಳಗೆ ಬಾಗಿ ದಿಗಂತದಾಚೆಗೂ ಸಾಗುತ್ತವೆ. ಎಂದೂ ಕೇಳದ ದೂರದ ಎಫ್‌ಎಂ ಕೇಂದ್ರಗಳು ಆಗ ಮನೆಯ ರೇಡಿಯೊದಲ್ಲೇ ಸಿಗುತ್ತವೆ. ಜನವರಿಯಲ್ಲಿ ಟವರ್ ಎತ್ತಿಸಿದವರು ಏಪ್ರಿಲ್‌ನಲ್ಲಿ ಸಂಕೇತ ಬಿದ್ದುಹೋಯಿತೆಂದು ಹೇಳಿದರೆ ನಾನು ಕೇಬಲಿಗಿಂತ ಮೊದಲು ಪಂಚಾಂಗದ ಕಡೆ ನೋಡುತ್ತೇನೆ.

ಹೋಲಿಕೆಗೆ ಒಂದು ಸ್ಥಿರವಾದ ಸಂಕೇತ ಬೇಕು. ವಿಮಾನ ಬರುತ್ತದೆ, ಹೋಗುತ್ತದೆ. ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಾಗದು. ನಿಮ್ಮಲ್ಲಿ ಮಧ್ಯಮ ಬಲದಲ್ಲಿ ಸಿಗುವ ಒಂದು ಎಫ್‌ಎಂ ಪ್ರಸಾರ ಕೇಂದ್ರವನ್ನು ಆರಿಸಿಕೊಳ್ಳಿ, ಅಥವಾ ಪರವಾನಗಿ ಇರುವ ಗೆಳೆಯರೊಬ್ಬರಿಗೆ ನಿಗದಿತ ಜಾಗದಿಂದ, ನಿಗದಿತ ಶಕ್ತಿಯಲ್ಲಿ, ನಿಗದಿತ ಹೊತ್ತಿಗೆ 145 ಮೆಗಾಹರ್ಟ್ಸ್ ಸುಮಾರಿನಲ್ಲಿ ಮಾತನಾಡಲು ಕೇಳಿಕೊಳ್ಳಿ. ಆ ಅಂಕಿ ನಿಮ್ಮ ನೋಟುಬುಕ್ಕಿನ ಮೊದಲ ಸಾಲಾಗಲಿ.

ಮೇಜಿನ ಮೇಲೆ ಐದು ನಿಮಿಷ

ಸ್ಕ್ಯಾನರಿನ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ) ಗುಂಡಿ ಅರಿವಿಲ್ಲದೆ ಒತ್ತಿಹೋಗಿದೆಯೇ, ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಭೋರ್ಗರೆತ ಅಡಗಿಸುವ ಗುಂಡಿ) ತೀರ ಬಿಗಿಯಾಗಿದೆಯೇ, ವಿಮಾನದ ಪಟ್ಟಿಯನ್ನು ಎಎಂ ಬದಲು ಎಫ್‌ಎಂನಲ್ಲಿ ಇಟ್ಟಿದ್ದೀರಾ ಎಂದು ನೋಡಿ. ಇದು ಹಾಸ್ಯವಲ್ಲ, ಮೊಮ್ಮಕ್ಕಳಿರುವ ಮನೆಯಲ್ಲಿ ಇವೇ ಮೊದಲ ಅಪರಾಧಿಗಳು.

ಬಳಿಕ ಟವರಿನ ಕೇಬಲ್ ಕಿತ್ತು, ಸ್ಕ್ಯಾನರಿನ ಜೊತೆ ಬಂದ ಮೋಟು ರಬ್ಬರ್ ಆಂಟೆನಾವನ್ನು ಸಿಕ್ಕಿಸಿ ಅದೇ ಸ್ಥಿರ ಸಂಕೇತವನ್ನು ಕೇಳಿ. ಕೋಣೆಯೊಳಗಿನ ಗೇಣುದ್ದದ ರಬ್ಬರ್ ಆಂಟೆನಾಕ್ಕಿಂತ 12 ಮೀಟರ್ ಮೇಲಿನ ಆಂಟೆನಾ ಎದ್ದುಕಾಣುವಷ್ಟು ಬಲವಾಗಿ ಕೇಳಿಸಬೇಕು. ಎರಡೂ ಸಮವಾಗಿದ್ದರೆ, ಅಥವಾ ರಬ್ಬರೇ ಮೇಲಾಗಿದ್ದರೆ, ಸ್ಕ್ಯಾನರ್ ನಿರಪರಾಧಿ. ಕೇಬಲಿನಿಂದ ಮೇಲೆ ಏನೋ ಕೆಟ್ಟಿದೆ. ಎರಡರಲ್ಲೂ ಏನೂ ಕೇಳಿಸದಿದ್ದರೆ ಸ್ಕ್ಯಾನರನ್ನು ಇನ್ನೊಬ್ಬರ ಮನೆಗೆ ಒಯ್ದು ಪರೀಕ್ಷಿಸಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪರೀಕ್ಷೆ ನನಗೆ ಬಹಳ ಪ್ರಿಯವಾದುದು. ಸ್ಕ್ಯಾನರನ್ನು ಎಎಂ ಕ್ರಮಕ್ಕೆ ತಂದು, ಯಾರೂ ಮಾತನಾಡದ 130 ಮೆಗಾಹರ್ಟ್ಸ್ ಸುಮಾರಿನ ಒಂದು ಖಾಲಿ ಜಾಗದಲ್ಲಿ ಸ್ಕ್ವೆಲ್ಚ್ ಪೂರ್ತಿ ತೆರೆದು, ಬರುವ ಭೋರ್ಗರೆತವನ್ನು ಕೇಳುತ್ತ ಆಂಟೆನಾ ಕೇಬಲನ್ನು ಬಿಚ್ಚಿ, ಮತ್ತೆ ಸೇರಿಸಿ. ಇದನ್ನು ಎಫ್‌ಎಂ ಕ್ರಮದಲ್ಲಿ ಮಾಡಬಾರದು, ಏಕೆಂದರೆ ಎಫ್‌ಎಂ ಗ್ರಾಹಕದ ಲಿಮಿಟರ್ ಭೋರ್ಗರೆತವನ್ನು ಒಂದೇ ಮಟ್ಟದಲ್ಲಿ ಇಟ್ಟುಬಿಡುತ್ತದೆ. ಊರಿನೊಳಗಿನ ಆರೋಗ್ಯವಂತ ಆಂಟೆನಾವನ್ನು ಸೇರಿಸಿದಾಗ ಭೋರ್ಗರೆತ ಸ್ವಲ್ಪ ಏರಬೇಕು. ಏನೂ ಬದಲಾಗದಿದ್ದರೆ ಕೇಬಲ್ ಕಡೆಯಿಂದ ಏನೂ ಇಳಿದು ಬರುತ್ತಿಲ್ಲವೆಂದೇ ಅರ್ಥ. ಬಹಳ ಏರಿದರೆ ಕಾಯಿಲೆ ಬೇರೆ: ಆಂಟೆನಾ ಚೆನ್ನಾಗಿಯೇ ಇದೆ, ಅದು ಗದ್ದಲವನ್ನೂ ಚೆನ್ನಾಗಿಯೇ ಹಿಡಿಯುತ್ತಿದೆ.

ಕಿವುಡೋ, ಗದ್ದಲವೋ?

ಟವರಿನ ಮೇಲಿನ ಆಂಟೆನಾ ಕೆಟ್ಟಿದೆ ಎಂದು ನನ್ನ ಬಳಿ ಬಂದ ಹಲವರ ಮನೆಯಲ್ಲಿ ಕೆಟ್ಟಿದ್ದುದು ನೆರೆಹೊರೆಯ ವಿದ್ಯುತ್ ವಾತಾವರಣ. ಎಲ್‌ಇಡಿ ಬಲ್ಬುಗಳ ಅಗ್ಗದ ಡ್ರೈವರ್, ಮೊಬೈಲ್ ಚಾರ್ಜರ್, ಸೋಲಾರ್ ಇನ್‌ವರ್ಟರ್, ಸಿಸಿಟಿವಿಯ ವಿದ್ಯುತ್ ಡಬ್ಬಿ, ಇವೆಲ್ಲ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕತ್ತರಿಸಿ ಜೋಡಿಸುವ ಉಪಕರಣಗಳು. ಫಿಲ್ಟರ್ ಇಲ್ಲದಿದ್ದರೆ ಆ ಕತ್ತರಿಯ ಸದ್ದು ರೇಡಿಯೊ ಪಟ್ಟಿಯ ಉದ್ದಕ್ಕೂ ಹರಡುತ್ತದೆ. ಬಳ್ಳಾರಿಗೆ ವಿಶೇಷವಾದ ಇನ್ನೊಂದು ಮೂಲ ಜೀನ್ಸ್ ಹೊಲಿಗೆ. ನಮ್ಮ ಎಷ್ಟೋ ಓಣಿಗಳಲ್ಲಿ ಎರಡು-ಮೂರು ಮನೆಗಳಿಗೊಂದು ಹೊಲಿಗೆ ಘಟಕವಿದೆ, ಹೊಸ ಯಂತ್ರಗಳಲ್ಲಿ ಹಳೆಯ ಕ್ಲಚ್ ಮೋಟಾರಿನ ಬದಲು ಎಲೆಕ್ಟ್ರಾನಿಕ್ ಡ್ರೈವ್ ಇರುವ ಸರ್ವೊ ಮೋಟಾರ್ ಬಂದಿದೆ. ನಮ್ಮ ಹಿಂದಿನ ಓಣಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ, ಮಧ್ಯಾಹ್ನ ಊಟದ ಹೊತ್ತಿಗೆ ನಿಂತು, ಮತ್ತೆ ರಾತ್ರಿ ಎಂಟರವರೆಗೆ ನಡೆಯುವ ಗೊರಗೊರ ಸದ್ದೊಂದಿತ್ತು. ಅದಕ್ಕೆ ಶುಕ್ರವಾರ ಮಧ್ಯಾಹ್ನ ಬಿಡುವು. ಗದ್ದಲಕ್ಕೂ ಊಟದ ಸಮಯ, ವಾರದ ರಜೆ ಇದ್ದರೆ ಅದು ಮನುಷ್ಯರು ನಡೆಸುವ ಯಂತ್ರದಿಂದ ಬಂದದ್ದೆಂದು ಬೇರೆ ಸಾಕ್ಷಿ ಬೇಕಿಲ್ಲ.

ಮೂಲ ಹುಡುಕಲು ಮೊದಲು ನಿಮ್ಮ ಮನೆಯಿಂದಲೇ ಆರಂಭಿಸಿ. ಸ್ಕ್ಯಾನರನ್ನು ಬ್ಯಾಟರಿಯ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್ ಇಳಿಸಿ. ಇನ್‌ವರ್ಟರನ್ನೂ ಆರಿಸಬೇಕು, ಮೇನ್ ಇಳಿಸಿದೊಡನೆ ಅದು ಚಾಲೂ ಆಗಿ ತಾನೇ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಮರೆತು ನಾನು ಒಂದಿಡೀ ಭಾನುವಾರ ಕಳೆದಿದ್ದೇನೆ. ಗದ್ದಲ ನಿಂತರೆ ಒಂದೊಂದೇ ಫ್ಯೂಸ್ ಏರಿಸುತ್ತ ಬಂದು ಯಾವ ಸಾಲಿನಲ್ಲಿದೆ ಎಂದು ಹಿಡಿಯಬಹುದು. ನಿಲ್ಲದಿದ್ದರೆ ಊರಿನ ಕರೆಂಟ್ ಹೋಗುವುದನ್ನು ಕಾಯಿರಿ. ಬೇಸಿಗೆಯಲ್ಲಿ ನಮ್ಮ ಕಡೆ ಅದಕ್ಕೆ ಬಹಳ ದಿನ ಕಾಯಬೇಕಾಗುವುದಿಲ್ಲ, ಎಲ್ಲರೂ ಬೈಯುವ ಆ ಹತ್ತು ನಿಮಿಷ ರೇಡಿಯೊದವನಿಗೆ ಹಬ್ಬ. ಓಣಿಯೆಲ್ಲ ಕತ್ತಲಾದಾಗ ಗದ್ದಲವೂ ಸತ್ತು, ದೂರದ ಪೈಲಟ್ಟಿನ ದನಿ ಪಕ್ಕದಲ್ಲಿ ಕೂತವನ ದನಿಯಂತೆ ಕೇಳಿಸಿದರೆ ಟವರ್ ಹತ್ತುವ ಮಾತನ್ನು ಅಲ್ಲಿಗೇ ಬಿಡಿ.

ಮೂಲ ಮನೆಯ ಹೊರಗಿದ್ದರೆ ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೊದೊಡನೆ ಓಣಿ ಸುತ್ತಬೇಕು. ಮೊದಲು ಮೀಡಿಯಂ ವೇವ್ ಟ್ರಾನ್ಸಿಸ್ಟರಿನಲ್ಲಿ ಸ್ಥೂಲವಾಗಿ ದಿಕ್ಕು ಹಿಡಿದು, ಹತ್ತಿರವಾದಂತೆ ಹೆಚ್ಚು ಆವರ್ತನದ ಕಡೆ ಹೋಗುವುದು ಸರಿಯಾದ ಕ್ರಮ; ಗದ್ದಲದ ಹೆಚ್ಚಿನ ಆವರ್ತನದ ಭಾಗ ಬೇಗ ಕ್ಷೀಣಿಸುವುದರಿಂದ ಅದು ಎಲ್ಲಿ ಕೇಳಿಸುತ್ತದೋ ಅಲ್ಲೇ ಮೂಲ. ವಿದ್ಯುತ್ ಕಂಬದ ಬಳಿ ಗಡುಸಾದ ಝೇಂಕಾರ ಹೆಚ್ಚಾದರೆ ಸಡಿಲ ಬೋಲ್ಟೋ, ಧೂಳು ಮೆತ್ತಿದ ಇನ್ಸುಲೇಟರೋ ಕಿಡಿ ಕಾರುತ್ತಿರಬಹುದು. ಅದಿರು ಲಾರಿಗಳ ಹಾದಿಯಲ್ಲಿ ಕೆಂಧೂಳಿನ ಪದರದ ಮೇಲೆ ಬೆಳಗಿನ ಇಬ್ಬನಿ ಕೂತಾಗ ಇದು ಹೆಚ್ಚು. ಕಂಬ ಕುಟ್ಟುವುದು, ಗೈ ತಂತಿ ಅಲುಗಿಸುವುದು ಮುಂತಾದ ಪರೀಕ್ಷೆಗಳನ್ನು ಯಾರೇ ಹೇಳಿಕೊಟ್ಟರೂ ಮಾಡಬೇಡಿ. ಕಂಬದ ಸಂಖ್ಯೆ ಬರೆದು ಲೈನ್‌ಮನ್‌ಗೆ ಕೊಡಿ. ನೆರೆಯ ಹೊಲಿಗೆ ಘಟಕದವರ ಜೊತೆ ಜಗಳವೂ ಬೇಡ. ನಾನು ಗದ್ದಲ ತಡೆಯುವ ಎರಡು ಫೆರೈಟ್ ಉಂಗುರಗಳನ್ನು ಒಯ್ದು, ಅವರ ಯಂತ್ರದ ವಿದ್ಯುತ್ ತಂತಿಯನ್ನು ಅದರ ಮೂಲಕ ಏಳೆಂಟು ಸುತ್ತು ಹಾಯಿಸಿ, ಚಹಾ ಕುಡಿದು ಬಂದೆ. ಗದ್ದಲ ಪೂರ್ತಿ ಹೋಗಲಿಲ್ಲ, ಸಹಿಸುವಷ್ಟಾಯಿತು.

ಬಲ ಹೆಚ್ಚಾಗಿ ಕಿವುಡಾಗುವುದು

ಎತ್ತರದ ಆಂಟೆನಾ ಬೇಕಾದುದನ್ನಷ್ಟೇ ಅಲ್ಲ, 88ರಿಂದ 108 ಮೆಗಾಹರ್ಟ್ಸ್ ನಡುವಿನ ಎಫ್‌ಎಂ ಪ್ರಸಾರವನ್ನೂ 900 ಮೆಗಾಹರ್ಟ್ಸ್ ಸುಮಾರಿನ ಮೊಬೈಲ್ ಟವರಿನ ಅಲೆಗಳನ್ನೂ ಬಲವಾಗಿ ತಂದು ಸ್ಕ್ಯಾನರಿನ ಮೊದಲ ಹಂತಕ್ಕೆ ಸುರಿಯುತ್ತದೆ. ಆ ಹಂತ ತುಂಬಿ ತುಳುಕಿದಾಗ ಕ್ಷೀಣ ಸಂಕೇತಗಳು ಮುಳುಗಿಹೋಗುತ್ತವೆ, ಇಲ್ಲದ ಸಂಕೇತಗಳು ಹುಟ್ಟುತ್ತವೆ. 10.7 ಮೆಗಾಹರ್ಟ್ಸ್ ಮಧ್ಯಂತರ ಆವರ್ತನ (ಬಂದ ಸಂಕೇತವನ್ನು ಒಳಗೆ ಇಳಿಸಿಕೊಳ್ಳುವ ಆವರ್ತನ) ಬಳಸುವ ಹಳೆಯ ಸ್ಕ್ಯಾನರುಗಳಲ್ಲಿ ಎಫ್‌ಎಂ ಕೇಂದ್ರವೊಂದು ತನ್ನ ಜಾಗಕ್ಕಿಂತ 21.4 ಮೆಗಾಹರ್ಟ್ಸ್ ಮೇಲೆ ಮತ್ತೆ ಕಾಣಿಸಿಕೊಳ್ಳುವುದುಂಟು: 101 ಮೆಗಾಹರ್ಟ್ಸ್‌ನ ಚಿತ್ರಗೀತೆ 122.4ರಲ್ಲಿ, ವಿಮಾನಗಳ ಪಟ್ಟಿಯ ನಡುವೆ, ಕರ್ಕಶವಾಗಿ ಹಾಡುತ್ತದೆ.

ಹಂತ ತುಂಬಿ ತುಳುಕುವುದನ್ನು ಪತ್ತೆ ಹಚ್ಚಲು 10 ಡಿಬಿ ಅಟೆನ್ಯುಯೇಟರ್ ಒಂದೇ ಸಾಕು (ಡಿಬಿ ಎಂದರೆ ಡೆಸಿಬೆಲ್, 10 ಡಿಬಿ ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ). ಅದನ್ನು ನಡುವೆ ಸೇರಿಸಿದಾಗ ನಿಜವಾದ ಸಂಕೇತ 10 ಡಿಬಿಯಷ್ಟೇ ಇಳಿಯುತ್ತದೆ. ಎರಡು ಬಲವಾದ ಸಂಕೇತಗಳು ಬೆರೆತು ಹುಟ್ಟಿದ ಮೂರನೆಯ ದರ್ಜೆಯ ಭೂತ 30 ಡಿಬಿ ಇಳಿದು ಮಾಯವಾಗುತ್ತದೆ. ಸಂಕೇತವನ್ನು ತಗ್ಗಿಸಿದಾಗ ಸ್ವಾಗತ ಉತ್ತಮವಾದರೆ, ನಿಮಗೆ ಬೇಕಾದುದು ಆಂಪ್ಲಿಫೈಯರ್ ಅಲ್ಲ, 88-108 ಮೆಗಾಹರ್ಟ್ಸ್ ತಡೆಯುವ ಎಫ್‌ಎಂ ಫಿಲ್ಟರ್. ಕಿವಿ ಕೇಳಿಸುತ್ತಿಲ್ಲವೆಂದು ಧ್ವನಿವರ್ಧಕ ತರುವ ನಮ್ಮ ಸ್ವಭಾವ ಇಲ್ಲಿ ಪ್ರತಿಸಲವೂ ಕೈಕೊಡುತ್ತದೆ.

ಕೇಬಲ್: ಹೆಚ್ಚಿನ ದೋಷಗಳ ಮನೆ

ಮೇಲಿನ ಪರೀಕ್ಷೆಗಳು ಕೇಬಲಿನತ್ತ ಬೆರಳು ಮಾಡಿದರೆ ಮಲ್ಟಿಮೀಟರ್ ತೆಗೆಯಿರಿ. ಆದರೆ ಅದಕ್ಕೂ ಮೊದಲು ಆ ಕೇಬಲ್ ಹೊಸದಾಗಿದ್ದಾಗಲೂ ಸಾಕಾಗುತ್ತಿತ್ತೇ ಎಂದು ಲೆಕ್ಕ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ತೆಳ್ಳನೆಯ ಆರ್‌ಜಿ-58 ಕೇಬಲ್ 30 ಮೀಟರ್ ಉದ್ದಕ್ಕೆ 130 ಮೆಗಾಹರ್ಟ್ಸ್‌ನಲ್ಲಿ ಸುಮಾರು 5.5 ಡಿಬಿ, 450ರಲ್ಲಿ ಸುಮಾರು 11 ಡಿಬಿ ನುಂಗುತ್ತದೆ. 11 ಡಿಬಿ ಎಂದರೆ ಆಂಟೆನಾ ಹಿಡಿದ ಶಕ್ತಿಯಲ್ಲಿ ಹನ್ನೆರಡರಲ್ಲೊಂದು ಪಾಲು ಮಾತ್ರ ಮೇಜಿಗೆ ಬಂತು. ಟವರ್ ಎತ್ತಲು ಸುರಿದ ಹಣವನ್ನೆಲ್ಲ ತಂತಿ ತಿಂದಂತಾಯಿತು. ಡಿಶ್ ಟಿವಿಗೆ ಬಳಸುವ ಆರ್‌ಜಿ-6 ಅದೇ ಉದ್ದಕ್ಕೆ 450 ಮೆಗಾಹರ್ಟ್ಸ್‌ನಲ್ಲಿ 4.5 ಡಿಬಿ ಆಸುಪಾಸಿನಲ್ಲಿರುತ್ತದೆ, ಬೆಲೆಯೂ ಕಡಿಮೆ. ಅದರ ಇಂಪೀಡೆನ್ಸ್ (ರೇಡಿಯೊ ಅಲೆಗೆ ಒಡ್ಡುವ ತಡೆ) 75 ಓಮ್, ಸ್ಕ್ಯಾನರಿನದು 50 ಓಮ್ ಎಂಬ ಅಳುಕು ಬಹಳ ಜನರಿಗಿದೆ. ಆ ಹೊಂದಾಣಿಕೆಯ ಕೊರತೆಯಿಂದ ಹಿಂದಿರುಗುವುದು ಶೇ. 4ರಷ್ಟು ಶಕ್ತಿ ಮಾತ್ರ, ಕೇಳುವುದಕ್ಕಷ್ಟೇ ಬಳಸುವವನಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನೂ ಖರ್ಚು ಮಾಡಬಲ್ಲವರಿಗೆ ದಪ್ಪನೆಯ ಎಲ್‌ಎಂಆರ್-400 ಇದೆ. ಇದೇ ಅಳತೆಗೆ 2.7 ಡಿಬಿ.

ಈಗ ಪರೀಕ್ಷೆ. ಕೇಬಲಿನ ಎರಡೂ ತುದಿ ಬಿಚ್ಚಿದ್ದರೆ ನಡುತಂತಿಗೂ ಹೊರಹೆಣಿಗೆಗೂ ನಡುವೆ ಮೀಟರ್ ಅನಂತವನ್ನು ತೋರಿಸಬೇಕು. ಮೇಲೆ ಡಿಸ್ಕೋನ್ ಸೇರಿಕೊಂಡಿದ್ದರೂ ಸಾಮಾನ್ಯವಾಗಿ ಹೀಗೆಯೇ ಇರಬೇಕು, ಏಕೆಂದರೆ ಅದರ ತಟ್ಟೆಗೂ ಶಂಕುವಿಗೂ ನಡುವೆ ಲೋಹದ ಸಂಪರ್ಕವಿಲ್ಲ. ಮಡಿಚಿದ ಡೈಪೋಲ್, ಜೆ-ಪೋಲ್ ಮುಂತಾದ ಕೆಲವು ಆಂಟೆನಾಗಳು ಸಹಜವಾಗಿಯೇ ಶಾರ್ಟ್ ತೋರಿಸುತ್ತವೆ. ಅವನ್ನು ಕಂಡು ಗಾಬರಿಯಾಗಬಾರದು. ಅನಂತದ ಬದಲು ಕೆಲವು ಸಾವಿರ ಅಥವಾ ಲಕ್ಷ ಓಮ್ ಬಂದು, ಅಂಕಿ ನಿಲ್ಲದೆ ತೇಲಾಡುತ್ತಿದ್ದರೆ ಒಳಗೆ ನೀರಿದೆ. ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ ನೋಡಿದರೆ ಒಮ್ಮೊಮ್ಮೆ ಯಾವ ಬ್ಯಾಟರಿಯೂ ಇಲ್ಲದೆ ಸಣ್ಣ ವೋಲ್ಟೇಜ್ ಕಾಣುತ್ತದೆ. ಎರಡು ಬೇರೆ ಬೇರೆ ಲೋಹಗಳ ನಡುವೆ ಕೊಳಕು ನೀರು ಸೇರಿ ನಿಮ್ಮ ಕೇಬಲ್ ಸ್ವತಃ ಒಂದು ಸೆಲ್ ಆಗಿಬಿಟ್ಟಿದೆ.

ನಂತರ ಮೇಲಿನ ತುದಿಯಲ್ಲಿ ನಡುತಂತಿಯನ್ನೂ ಹೆಣಿಗೆಯನ್ನೂ ಕೂಡಿಸಿ ಕೆಳಗಿನಿಂದ ಅಳೆಯಬೇಕು. ಇದಕ್ಕೆ ಒಂದು ಸಲ ಹತ್ತಲೇಬೇಕಾದ್ದರಿಂದ ಹತ್ತುವ ದಿನಕ್ಕೆ ಉಳಿಸಿಕೊಳ್ಳಿ. 30 ಮೀಟರ್ ತಾಮ್ರದ ಆರ್‌ಜಿ-58 ಆದರೆ ಒಂದೂವರೆ ಓಮ್ ಸುಮಾರು, ಉಕ್ಕಿನ ತಿರುಳಿಗೆ ತಾಮ್ರ ಲೇಪಿಸಿದ ಆರ್‌ಜಿ-6 ಆದರೆ ಮೂರು-ನಾಲ್ಕು ಓಮ್ ಬರುವುದು ಸರಿ. ಹತ್ತು-ಇಪ್ಪತ್ತು ಓಮ್ ಬಂದರೆ ಎಲ್ಲೋ ಕಿಲುಬು ಹಿಡಿದಿದೆ.

ಮಲ್ಟಿಮೀಟರ್ ಒಪ್ಪಿದ ಮಾತ್ರಕ್ಕೆ ಕೇಬಲ್ ಗೆದ್ದಂತಲ್ಲ. ನೇರ ವಿದ್ಯುತ್ತಿಗೆ ಸರಿಯಾಗಿರುವ ಕೇಬಲ್ 400 ಮೆಗಾಹರ್ಟ್ಸ್‌ಗೆ ಗೋಡೆಯಾಗಿರಬಹುದು, ಏಕೆಂದರೆ ಒಳಗಿನ ನಿರೋಧಕವಾದ ಪಾಲಿಥೀನಿನ ಡೈಎಲೆಕ್ಟ್ರಿಕ್ ಅಂಕ 2.3ರಷ್ಟಿದ್ದರೆ ನೀರಿನದು 80ರ ಹತ್ತಿರ. ಕೇಬಲ್, ಆಂಟೆನಾಗಳನ್ನು ಅಳೆಯುವ, ಈಗ ಅಗ್ಗವಾಗಿ ಸಿಗುವ ನ್ಯಾನೊವಿಎನ್‌ಎ ಉಪಕರಣ ಇದ್ದರೆ ಮೇಲಿನ ತುದಿಯನ್ನು ತೆರೆದಿಟ್ಟು ರಿಟರ್ನ್ ಲಾಸ್ (ಕಳಿಸಿದ ಅಲೆ ಹಿಂದಿರುಗಿದಾಗ ಎಷ್ಟು ಡಿಬಿ ಕುಗ್ಗಿದೆ ಎಂಬುದು) ಅಳೆಯಿರಿ. ಅದರ ಅರ್ಧವೇ ಕೇಬಲಿನ ಒಮ್ಮುಖ ನಷ್ಟ. ಇಲ್ಲೊಂದು ಬಲೆ ಇದೆ, ಅನುಭವಿಗಳೂ ಬೀಳುತ್ತಾರೆ. 10 ಡಿಬಿ ನಷ್ಟವಿರುವ ಕೇಬಲಿನ ಮೇಲೆ ಆಂಟೆನಾ ಮುರಿದು ಬಿದ್ದಿದ್ದರೂ ಕೆಳಗೆ ಎಸ್‌ಡಬ್ಲ್ಯುಆರ್ (ಅಲೆ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ, 1 ಆದರೆ ಏನೂ ಹಿಂದಿರುಗುತ್ತಿಲ್ಲ) 1.2 ಎಂದು ಚೆಂದವಾಗಿ ತೋರಿಸುತ್ತದೆ. ಹೋದ ಅಲೆ ಕ್ಷೀಣಿಸಿ, ಮರಳಿ ಬರುವಾಗ ಮತ್ತೆ ಕ್ಷೀಣಿಸಿ, ಏನೂ ಹಿಂದಿರುಗದಂತೆ ಕಾಣುವುದೇ ಕಾರಣ. ನನ್ನ ನೀರು ಕುಡಿದ ಕೇಬಲ್ ಸಹ ಹಿಂದಿನ ವರ್ಷಕ್ಕಿಂತ ಉತ್ತಮ ಎಸ್‌ಡಬ್ಲ್ಯುಆರ್ ತೋರಿಸಿತ್ತು, ನಾನು ಸಂತೋಷಪಟ್ಟಿದ್ದೆ.

ಟವರಿನ ಮೇಲೆ ಎಲ್‌ಎನ್‌ಎ (ಕಡಿಮೆ ಗದ್ದಲದ ಆಂಪ್ಲಿಫೈಯರ್) ಇಟ್ಟವರು ಕೇಬಲಿನ ಮೂಲಕ ಮೇಲೆ ಹೋಗಬೇಕಾದ ವೋಲ್ಟೇಜ್ ಹೋಗುತ್ತಿದೆಯೇ ಎಂದು ಇದೇ ಹಂತದಲ್ಲಿ ನೋಡಬೇಕು. ನೇರ ವಿದ್ಯುತ್ತನ್ನು ತಡೆಯುವ ಸ್ಪ್ಲಿಟರ್ ಒಂದನ್ನು ನಡುವೆ ಸೇರಿಸಿದ್ದರೆ ಎಲ್‌ಎನ್‌ಎ ಹಸಿದು ಕೂರುತ್ತದೆ, ಹಸಿದ ಎಲ್‌ಎನ್‌ಎ ಸಂಕೇತವನ್ನು ಹೆಚ್ಚಿಸುವ ಬದಲು ನುಂಗುತ್ತದೆ. ಸಿಡಿಲಿನ ಋತುವಿನ ನಂತರ ಅದು ಸತ್ತಿರುವುದೂ ಸಾಮಾನ್ಯ. ತೆಗೆದು, ಕೇಬಲನ್ನು ನೇರವಾಗಿ ಸೇರಿಸಿ ಹೋಲಿಸುವುದೇ ಪರೀಕ್ಷೆ. ಸಿಡಿಲು ತಡೆಯುವ ಅರೆಸ್ಟರನ್ನೂ ಹಾಗೆಯೇ ಒಮ್ಮೆ ಬದಿಗಿಟ್ಟು ನೋಡಿ, ಪರೀಕ್ಷೆ ಮುಗಿದೊಡನೆ ಮರಳಿ ಸೇರಿಸಿ.

ಹತ್ತುವ ದಿನ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗುತ್ತೇವೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಟವರಿನ ಕಬ್ಬಿಣ ಕೈ ಸುಡುತ್ತದೆ, ಸುಟ್ಟ ಕೈ ತಾನಾಗಿ ಹಿಡಿತ ಬಿಡುತ್ತದೆ. ಆರು ಗಂಟೆಗೆ ಹತ್ತಿ ಎಂಟರೊಳಗೆ ಇಳಿಯಿರಿ. ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ ಮಧ್ಯಾಹ್ನದ ಮೋಡ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ; ಗುಡುಗು ಎಷ್ಟೇ ದೂರದಲ್ಲಿ ಕೇಳಿಸಿದರೂ ಆ ದಿನದ ಕೆಲಸ ನಿಂತಂತೆ. ಮೈಪೂರ್ತಿ ಹಿಡಿಯುವ ಹಾರ್ನೆಸ್, ಎರಡು ಕೊಕ್ಕೆ ಹಗ್ಗ, ಯಾವಾಗಲೂ ಒಂದು ಕೊಕ್ಕೆ ಕಬ್ಬಿಣಕ್ಕೆ ಸಿಕ್ಕಿರಬೇಕು, ಕೆಳಗೆ ಹೆಲ್ಮೆಟ್ ಹಾಕಿದ ಒಬ್ಬರು ನಿಂತಿರಬೇಕು. ಟವರ್ ಯಾವ ಕಡೆ ವಾಲಿದರೂ ಅಥವಾ ಆಂಟೆನಾ ಕೈಜಾರಿದರೂ ತಾಗುವ ದೂರದಲ್ಲಿ 11 ಕೆವಿ ತಂತಿ ಇದ್ದರೆ ನೀವು ಹತ್ತಲೇಬಾರದು. ಹತ್ತುವ ಮೊದಲು ಕೆಳಗಿನಿಂದ ದುರ್ಬೀನಿನಲ್ಲಿ ನೋಡುವುದು ಲೇಸು: ಮುರಿದ ಕಡ್ಡಿ, ಜೋತುಬಿದ್ದ ಕೇಬಲ್, ಎಲ್ಲಕ್ಕಿಂತ ಮುಖ್ಯವಾಗಿ ಹೆಜ್ಜೇನು. ಅಭ್ಯಾಸವಿಲ್ಲದವರು ಕೂಲಿ ಕೊಟ್ಟು ಟವರ್ ಕೆಲಸದವರನ್ನು ಕರೆಸಲಿ. ಅದರಲ್ಲಿ ನಾಚಿಕೆಯೇನಿಲ್ಲ, ಐವತ್ತು ದಾಟಿದ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೇನೆ.

ಮೇಲೆ ನೋಡಬೇಕಾದದ್ದು ಬಹಳವಿಲ್ಲ. ಡಿಸ್ಕೋನಿನ ಕಡ್ಡಿಗಳು ಗಾಳಿಗೆ ಸಡಿಲವಾಗಿವೆಯೇ, ಗುಡ್ಡದ ಕೋತಿಗಳು ಜೋತಾಡಿ ಬಗ್ಗಿಸಿವೆಯೇ, ತಟ್ಟೆಯ ಕೆಳಗಿನ ಇನ್ಸುಲೇಟರಿನ ಮೇಲೆ ಧೂಳು ಗಟ್ಟಿಯಾಗಿ ಮೆತ್ತಿದೆಯೇ, ಅಳಿಲು ಕೇಬಲ್ ಕಡಿದಿದೆಯೇ ನೋಡಿ. ಟಿವಿಯ ಯಾಗಿ ಆಂಟೆನಾವನ್ನು ಹಾಕಿದವರು ಅದರ ಕಡ್ಡಿಗಳು ಅಡ್ಡಕ್ಕಿವೆಯೇ ಎಂದೂ ನೋಡಬೇಕು. ಈ ಸಂಕೇತಗಳು ನೆಟ್ಟಗಿರುವ ಆಂಟೆನಾದವು, ಅಡ್ಡ ಆಂಟೆನಾ 20 ಡಿಬಿಯವರೆಗೆ ಕಳೆದುಕೊಳ್ಳಬಹುದು. ಆಮೇಲೆ ಕನೆಕ್ಟರ್ ಬಿಚ್ಚಿ. ನನ್ನ ಪಿಎಲ್-259 ಕನೆಕ್ಟರ್ ಬಿಚ್ಚಿದಾಗ ಬೆಳ್ಳಿಯಂತಿರಬೇಕಾದ ಒಳಮೈ ಕಪ್ಪಾಗಿತ್ತು, ನಡುಸೂಜಿಯ ಬುಡದಲ್ಲಿ ಹಸಿರು ಕಿಲುಬು ಹಲ್ಲಿನ ಪಾಚಿಯಂತೆ ಕೂತಿತ್ತು, ಹೆಣಿಗೆಯ ತಂತಿಗಳು ಉಗುರು ತಾಗಿದರೆ ಪುಡಿಯಾಗುತ್ತಿದ್ದವು. ಕಪ್ಪಾದ ಹೆಣಿಗೆ ಕಂಡಲ್ಲಿಂದ ಒಂದೊಂದೇ ಅಡಿ ಕತ್ತರಿಸುತ್ತ ಹೊಳೆಯುವ ತಾಮ್ರ ಸಿಗುವವರೆಗೆ ಹೋಗಬಹುದು, ಆದರೆ ಎರಡು ಮೀಟರ್ ಕತ್ತರಿಸಿದರೂ ಕಪ್ಪೇ ಸಿಕ್ಕರೆ ಇಡೀ ಕೇಬಲನ್ನು ಬದಲಿಸಿ. ಒದ್ದೆಯಾದ ಕೇಬಲನ್ನು ಬಿಸಿಲಿಗೆ ಒಣಗಿಸಿ ಬಳಸುವ ಆಸೆ ಬೇಡ. ನೀರು ಹೋದರೂ ಕಿಲುಬು ಉಳಿಯುತ್ತದೆ.

ಹೊಸ ಕನೆಕ್ಟರಿಗೆ ಮೊದಲು ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಒಳ್ಳೆಯ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹಾಗೆ ಸುತ್ತಿದಾಗ ಮೇಲಿನ ಸುತ್ತು ಕೆಳಗಿನದರ ಮೇಲೆ ಹಂಚಿನಂತೆ ಕವಿದು ನೀರು ಜಾರುತ್ತದೆ; ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಸುತ್ತೂ ನೀರಿಗೆ ಬಟ್ಟಲಾಗುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬಳಸಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಬಿಳಿ ಹೊದಿಕೆಯ ಒಳಾಂಗಣ ಕೇಬಲ್ ನಮ್ಮ ಬಿಸಿಲಿಗೆ ಬಹಳ ಕಾಲ ಬಾಳುವುದಿಲ್ಲ, ಕಪ್ಪು ಪಾಲಿಥೀನ್ ಹೊದಿಕೆಯದನ್ನೇ ಕೇಳಿ ತನ್ನಿ. ಕೇಬಲನ್ನು ಪ್ರತಿ ಮೀಟರಿಗೆ ಟವರಿನ ಕಾಲಿಗೆ ಕಟ್ಟಿ. ಕಿಟಕಿಯ ಹೊರಗೆ ಒಂದು ಗೇಣು ಕೆಳಗೆ ಜೋತುಬೀಳುವಂತೆ ಕುಣಿಕೆ ಬಿಡಿ, ಹೊರಮೈ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಲಿ. ಟವರಿನ ಕಾಲನ್ನೂ ಅರೆಸ್ಟರನ್ನೂ ಮನೆಯ ಅರ್ಥಿಂಗ್‌ಗೆ ದಪ್ಪ ತಂತಿಯಿಂದ ಕೂಡಿಸಿರಬೇಕು, ಬೇರೆ ಬೇರೆ ಗುಂಡಿಗಳನ್ನು ಬಿಡಿಬಿಡಿಯಾಗಿ ಬಿಡಬಾರದು.

ಇಳಿದ ಮೇಲೆ ಅದೇ ಸ್ಥಿರ ಸಂಕೇತದ ಬಲ, ಖಾಲಿ ಜಾಗದ ಭೋರ್ಗರೆತ, ಮಲ್ಟಿಮೀಟರಿನ ಅಂಕಿ, ಈ ಮೂರನ್ನೂ ದಿನಾಂಕದೊಡನೆ ಬರೆಯಿರಿ. ನನ್ನ ಪುಸ್ತಕದಲ್ಲಿ ಹೊಸ ಕೇಬಲ್ ಹಾಕಿದ ದಿನದ ಸಾಲಿನ ಕೆಳಗೆ ಮೊದಲ ಮಳೆಯ ಮರುದಿನದ ಸಾಲಿದೆ, ಎರಡರಲ್ಲೂ ಅನಂತ ಎಂದೇ ಬರೆದಿದೆ. ಮೇಜಿನ ಮೇಲೆ ಸ್ಕ್ಯಾನರಿನ ಹಿಂದೆ ಒಂದು ಬಿಳಿ ಕಾಗದ ಹಾಸಿಟ್ಟಿದ್ದೇನೆ. ಈವರೆಗೆ ಅದರ ಮೇಲೆ ಕೆಂಪು ಕಲೆ ಬಿದ್ದಿಲ್ಲ.